ಮೊದಲ ಮನುಷ್ಯನ ಅಪ್ಪ ಅಮ್ಮ ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಬೆಂಗಳೂರಲ್ಲಿ ಸಾಫ್ಟ್‌ವೇರಲ್ಲಿದ್ದೀರಿ, ಕಂಪ್ಯೂಟರ್ ಬಗ್ಗೆ, ಎಐ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದರು. ಒಪ್ಪಿಕೊಂಡೆ. ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿ, "ಅದನ್ನು ಹೇಳೋಕೆ ಬೇಕಾದಷ್ಟು ಜನ ಇದ್ದಾರೆ, ನಾನು ಒಂದು ಹಕ್ಕಿ ಬಗ್ಗೆ ಮಾತಾಡ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ "ಎಷ್ಟು ನಿಮಿಷ?" ಅಂತ ಮಾತ್ರ ಕೇಳಿದರು. ಅವರ ಸಹನೆಗೆ ಮೊದಲು ವಂದನೆ.

ನಾನು ಜೀವಶಾಸ್ತ್ರ ಓದಿದವನಲ್ಲ. ಪಿಯುಸಿಯಲ್ಲಿ ಕಪ್ಪೆ ಕೊಯ್ಯಬೇಕಾಗುತ್ತದೆ ಅಂತ ಹೆದರಿಯೇ ಆ ವಿಷಯ ಬಿಟ್ಟು ಕಂಪ್ಯೂಟರ್ ತೆಗೆದುಕೊಂಡವನು, ಆಮೇಲೆ ಬಿಇ ಮಾಡಿದವನು. ಆದರೆ ಈ ಶಾಲೆಯಲ್ಲಿ ನನ್ನದೊಂದು ಸಾಲ ಉಳಿದಿದೆ. ಅದನ್ನು ತೀರಿಸಲು ಬಂದಿದ್ದೇನೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ, ಅಲ್ಲಿ ಕಾಣುತ್ತಿರುವ ಹೆಂಚಿನ ಕೊಠಡಿಯಲ್ಲಿ, ನಮ್ಮ ವಿಜ್ಞಾನದ ಮೇಷ್ಟ್ರು ಜೀವವಿಕಾಸದ ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ ಉದ್ದ ಗಡ್ಡದ ಡಾರ್ವಿನ್ ಚಿತ್ರ. ಒಂದು ಪ್ರಭೇದ ನಿಧಾನವಾಗಿ ಬದಲಾಗುತ್ತಾ ಇನ್ನೊಂದು ಪ್ರಭೇದವಾಗುತ್ತದೆ ಎಂದು ಮೇಷ್ಟ್ರು ಹೇಳಿದರು. ಕೊನೆಯ ಬೆಂಚಿನಿಂದ ನಾನು ಎದ್ದು ನಿಂತು, "ಸಾರ್, ಹಂಗಾದ್ರೆ ಮೊಟ್ಟಮೊದಲನೇ ಮನುಷ್ಯನ ಅಪ್ಪ ಅಮ್ಮ ಯಾರು? ಅವರು ಮನುಷ್ಯರಾ, ಕೋತಿಗಳಾ?" ಅಂತ ಕೇಳಿದೆ. ಇಡೀ ಕ್ಲಾಸು ನಕ್ಕಿತು. ಯಾರೋ ನನ್ನ ಅಪ್ಪನ ಹೆಸರನ್ನೇ ಹೇಳಿದರು. ಹೇಳಿದವರು ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ನಾನು ತಮಾಷೆಗೆ ಕೇಳಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮನುಷ್ಯರಾಗಿದ್ದರೆ ಇವನು ಮೊದಲನೆಯವನು ಹೇಗಾಗುತ್ತಾನೆ? ಅವರು ಮನುಷ್ಯರಲ್ಲದಿದ್ದರೆ ಅವರಿಗೆ ಮನುಷ್ಯ ಹೇಗೆ ಹುಟ್ಟಿದ? ಎರಡು ಕಡೆಯೂ ಬಾಗಿಲು ಮುಚ್ಚಿದ ಹಾಗಿತ್ತು. ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ. "ಪ್ರಶ್ನೆ ಸರಿಯಾಗಿದೆ ಕಣೋ. ಇದಕ್ಕೆ ನಿನಗೆ ಒಪ್ಪುವ ಹಾಗೆ ಉತ್ತರ ಹೇಳಲು ನನಗೆ ಬರುವುದಿಲ್ಲ. ನಿನಗೆ ಗೊತ್ತಾದ ದಿನ ಬಂದು ನನಗೂ ಹೇಳು" ಎಂದರು. ಒಬ್ಬ ಮೇಷ್ಟ್ರು ನಲವತ್ತು ಹುಡುಗರ ಎದುರು "ನನಗೆ ಬರುವುದಿಲ್ಲ" ಅಂದಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಮೇಲೂ, ಕಾಲೇಜಿನಲ್ಲಿ, ಆಫೀಸಿನಲ್ಲಿ, ಹೆಚ್ಚು ಕೇಳಿಲ್ಲ.

ಪರೀಕ್ಷೆ ಬಂತು, ಊರು ಬಿಟ್ಟೆ, ಕೆಲಸ ಸಿಕ್ಕಿತು, ಪ್ರಶ್ನೆ ಮರೆತೇ ಹೋಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಬಂದೆ. ನಮ್ಮ ಮನೆಯ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲ ಎನ್ನುವುದು ನಿಮಗೆಲ್ಲ ಗೊತ್ತು. ಊರಲ್ಲಿ ಎರಡು ಕಡ್ಡಿ ಸಿಗ್ನಲ್ ಬರುವ ಜಾಗ ಅಂದರೆ ಈ ಶಾಲೆಯ ಹುಣಸೆಮರದ ಬುಡ. ಶಾಲೆ ಮುಚ್ಚಿತ್ತು. ಅನುಮತಿ ಕೇಳಿ ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದಾಗೆಲ್ಲ ಮೇಲಿನಿಂದ ಯಾವುದೋ ಹಕ್ಕಿ "ಚಿಸ್ವೀ, ಚಿಸ್ವೀ" ಅನ್ನುತ್ತಿತ್ತು. ಪುಣೆಯಲ್ಲಿದ್ದ ನಮ್ಮ ಮ್ಯಾನೇಜರು "ಮ್ಯೂಟ್ ಮಾಡಿ" ಅಂತ ಹಕ್ಕಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯದು. ಏಪ್ರಿಲ್ ಕೊನೆಗೆ ಸದ್ದು ನಿಂತಿತು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅದೇ ಮರದಲ್ಲಿ ಮತ್ತೆ ಶುರುವಾಯಿತು. ಆಗ ನನಗೆ ಕುತೂಹಲ ಹುಟ್ಟಿತು. ಆರು ತಿಂಗಳು ಇದು ಎಲ್ಲಿಗೆ ಹೋಗಿತ್ತು?

ಇಂಗ್ಲಿಷಿನಲ್ಲಿ ಅದರ ಹೆಸರು ಗ್ರೀನಿಷ್ ವಾರ್ಬ್ಲರ್. ಉಲಿಯಕ್ಕಿಗಳ ಗುಂಪಿಗೆ ಸೇರಿದ್ದು. ಊರಲ್ಲಿ ಹಿರಿಯರನ್ನು ಕೇಳಿದೆ, ಯಾರೂ ಅದಕ್ಕೆ ಹೆಸರಿಟ್ಟಿಲ್ಲ. ಕಣ್ಣಿಗೆ ಬೀಳುವ ಹಕ್ಕಿಯೂ ಅಲ್ಲ. ಗುಬ್ಬಿಗಿಂತ ಸಣ್ಣದು, ತೂಕ ಸುಮಾರು 8 ಗ್ರಾಂ. ಮಾಸಲು ಹಸಿರು ಮೈ, ಹುಬ್ಬಿನ ಮೇಲೆ ತಿಳಿ ಗೆರೆ, ರೆಕ್ಕೆಯ ಮೇಲೆ ಒಂದು ಸಣ್ಣ ಬಿಳಿಪಟ್ಟೆ. ಎಲೆಗಳ ನಡುವೆ ಹುಳ ಹೆಕ್ಕುತ್ತಾ ಓಡಾಡುತ್ತಿರುತ್ತದೆ. ನಾನು ಇಲ್ಲಿ ಅದನ್ನು ಹಸಿರು ಉಲಿಯಕ್ಕಿ ಎಂದು ಕರೆಯುತ್ತೇನೆ. ಬೇಸಿಗೆಯಲ್ಲಿ ಉತ್ತರಕ್ಕೆ ಹೋಗಿ ಅಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆ. ಹಿಮಾಲಯದಿಂದ ಸೈಬೀರಿಯಾವರೆಗಿನ ಕಾಡುಗಳು ಅದರ ತವರು. ಚಳಿಗಾಲಕ್ಕೆ ನಮ್ಮ ಹುಣಸೆಮರ.

ಇದರ ಬಗ್ಗೆ ಓದುತ್ತಾ ಹೋದಾಗ ನನ್ನ ಹಳೆಯ ಪ್ರಶ್ನೆಗೆ ಉತ್ತರ ಈ ಹಕ್ಕಿಯ ಹತ್ತಿರವೇ ಇದೆ ಎಂದು ಗೊತ್ತಾಗಿ, ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮೊದಲು ಪ್ರಭೇದ ಅಂದರೇನು ಎನ್ನುವುದನ್ನು ಹೇಳಿಬಿಡುತ್ತೇನೆ. ಬೇಕೆಂದೇ ನಾನು ಜಾತಿ ಎಂಬ ಪದ ಬಳಸುತ್ತಿಲ್ಲ. ಆ ಪದ ನಮ್ಮೂರಿನಲ್ಲಿ ಬೇರೆ ಕೆಲಸದಲ್ಲಿದೆ, ಮತ್ತು ಜೀವಶಾಸ್ತ್ರದ ಲೆಕ್ಕದಲ್ಲಿ ಭೂಮಿಯ ಮೇಲಿನ ಎಲ್ಲ ಮನುಷ್ಯರೂ ಒಂದೇ ಪ್ರಭೇದ. ಒಂದಕ್ಕೊಂದು ಕೂಡಿ, ಆರೋಗ್ಯವಾದ, ಮುಂದೆ ತಾವೂ ಮರಿ ಹಾಕಬಲ್ಲ ಮರಿಗಳನ್ನು ಪಡೆಯುವ ಪ್ರಾಣಿಗಳ ಗುಂಪನ್ನು ಸಾಮಾನ್ಯವಾಗಿ ಒಂದು ಪ್ರಭೇದ ಅನ್ನುತ್ತಾರೆ. ಮುಧೋಳದ ನಾಯಿಯೂ ಬೆಂಗಳೂರಿನ ಫ್ಲ್ಯಾಟಿನ ಪೊಮೆರೇನಿಯನ್ನೂ ನೋಡಲು ಎಷ್ಟೇ ಬೇರೆಯಾದರೂ ಒಂದೇ ಪ್ರಭೇದ. ಕುರಿ, ಮೇಕೆ ಒಂದೇ ರೊಪ್ಪದಲ್ಲಿ ಮಲಗುತ್ತವೆ, ಒಂದೇ ಬೇಲಿಗೆ ಬಾಯಿ ಹಾಕುತ್ತವೆ, ಆದರೂ ಎರಡು ಪ್ರಭೇದ. ಅವೆರಡಕ್ಕೂ ಮರಿ ಹುಟ್ಟುವುದು ತೀರಾ ಅಪರೂಪ, ಹುಟ್ಟಿದರೂ ಬದುಕುವುದು ಕಷ್ಟ. ಕುರಿ ಸಾಕಿದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ ಇರುವುದು ಒಂದು ಎರಡಾಗುವುದು ಹೇಗೆ ಎನ್ನುವುದರಲ್ಲಿ.

ನಾವು ಓದುವಾಗ ಜೆರಾಕ್ಸ್ ಅಂಗಡಿಗೆ ಹೋಗಬೇಕೆಂದರೆ ಬಸ್ಸು ಹತ್ತಬೇಕಿತ್ತು. ಹಾಗಾಗಿ ಚೆನ್ನಾಗಿ ಓದುವವರ ನೋಟ್ಸನ್ನು ಕೈಯಲ್ಲೇ ಕಾಪಿ ಮಾಡಿಕೊಳ್ಳುತ್ತಿದ್ದೆವು. ಒಬ್ಬನದನ್ನು ನೋಡಿ ಇನ್ನೊಬ್ಬ, ಅವನದನ್ನು ನೋಡಿ ಮತ್ತೊಬ್ಬ. ಪ್ರತಿ ಸಲವೂ ಒಂದೆರಡು ಅಕ್ಷರ ತಪ್ಪುತ್ತಿತ್ತು. ಜೀವಿಗಳೂ ತಮ್ಮ ನೋಟ್ಸನ್ನು ಮಕ್ಕಳಿಗೆ ಕಾಪಿ ಮಾಡಿ ಕೊಡುತ್ತವೆ, ಅದೇ ಡಿಎನ್‌ಎ. ಮನುಷ್ಯರಲ್ಲಿ ತಂದೆಯಿಂದ ಸುಮಾರು 300 ಕೋಟಿ ಅಕ್ಷರ, ತಾಯಿಯಿಂದ ಅಷ್ಟೇ. ಇಷ್ಟು ದೊಡ್ಡ ನೋಟ್ಸಿನಲ್ಲಿ ಪ್ರತಿ ಮಗುವಿಗೂ ಹೊಸದಾಗಿ ಸೇರುವ ತಪ್ಪುಗಳು ಸರಾಸರಿ 60ರಿಂದ 70 ಮಾತ್ರ. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಕೆಡುಕು ಮಾಡುತ್ತವೆ, ಅಂಥವು ಮುಂದಿನ ತಲೆಮಾರಿಗೆ ದಾಟುವುದು ಕಡಿಮೆ. ಎಲ್ಲೋ ಒಂದು ಅನುಕೂಲ ಮಾಡಿಕೊಡುತ್ತದೆ, ಅದನ್ನು ಪಡೆದವಕ್ಕೆ ಉಳಿದವಕ್ಕಿಂತ ಸ್ವಲ್ಪ ಹೆಚ್ಚು ಮರಿಗಳಾಗುತ್ತವೆ, ಹೀಗೆ ಅದು ಹರಡುತ್ತದೆ. ಡಾರ್ವಿನ್ ಮತ್ತು ವಾಲೇಸ್ ಕಂಡುಕೊಂಡ ನೈಸರ್ಗಿಕ ಆಯ್ಕೆ ಇದು. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಡಿಎನ್‌ಎ ವಿಚಾರ ಪಾಪ ಅವರಿಗೆ ಗೊತ್ತಿರಲಿಲ್ಲ.

ಒಂದೇ ಗುಂಪಿನೊಳಗೆ ಇದೆಲ್ಲ ನಡೆಯುತ್ತಿದ್ದರೆ ಬದಲಾವಣೆಗಳು ಪರಸ್ಪರ ಕಲಸಿಹೋಗುತ್ತವೆ. ಇಡೀ ಗುಂಪು ಒಟ್ಟಾಗಿ ನಿಧಾನವಾಗಿ ಸರಿಯುತ್ತದೆ. ಗುಂಪು ಎರಡು ಪಾಲಾಗಿ, ಒಂದರ ನೋಟ್ಸು ಇನ್ನೊಂದಕ್ಕೆ ಸಿಗದ ಹಾಗಾದರೆ, ಎರಡೂ ಕಡೆ ಬೇರೆ ಬೇರೆ ತಪ್ಪುಗಳು ಕೂಡುತ್ತಾ ಹೋಗುತ್ತವೆ. ನಮ್ಮ ಕೆಲಸದಲ್ಲಿ ಇದು ದಿನನಿತ್ಯದ ತಲೆನೋವು. ಒಂದೇ ಪ್ರೋಗ್ರಾಮಿನ ಎರಡು ಪ್ರತಿಗಳನ್ನು ಎರಡು ತಂಡಗಳಿಗೆ ಕೊಟ್ಟು ನಾಲ್ಕು ವರ್ಷ ಬಿಟ್ಟು ಸೇರಿಸಿ ಅಂದರೆ ಸೇರುವುದಿಲ್ಲ. ಯಾವ ದಿನ ಸೇರದಂತಾಯಿತು ಅಂತ ಕೇಳಿದರೆ ಯಾರೂ ಹೇಳಲಾರರು. ಆದರೆ ನಾವು ಯೋಚಿಸಿ, ಒಂದು ಉದ್ದೇಶ ಇಟ್ಟುಕೊಂಡು ಬದಲಾಯಿಸುತ್ತೇವೆ. ಪ್ರಕೃತಿಗೆ ಯಾವ ಯೋಜನೆಯೂ ಇಲ್ಲ, ಡೆಡ್‌ಲೈನೂ ಇಲ್ಲ. ಹಾಗಾಗಿ ಈ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ.

ಪಾಲಾಗುವುದಕ್ಕೆ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ಈ ಶಾಲೆಯ ಹಿಂದೆ ನಿಂತರೆ ಪಶ್ಚಿಮಕ್ಕೆ ಬಾಬಾಬುಡನ್ ಗಿರಿ ಕಾಣುತ್ತದೆ. ಅದರ ಮೇಲಿನ ಶೋಲಾ ಕಾಡಿನಲ್ಲಿ, ನೆಲದ ಹತ್ತಿರದ ಪೊದೆಗಳಲ್ಲಿ, ಒಂದು ಪುಟ್ಟ ನೀಲಿ ಹಕ್ಕಿ ಇದೆ. ಕೊಡಗು, ನೀಲಗಿರಿಗಳ ಎತ್ತರದ ಕಾಡುಗಳಲ್ಲೂ ಇದೆ. ಪಕ್ಕೆಗಳಲ್ಲಿ ಇಟ್ಟಿಗೆ ಬಣ್ಣ. ನೀಲಗಿರಿ ದಾಟಿದರೆ ಪಾಲಕ್ಕಾಡಿನ ಕಣಿವೆ ಬರುತ್ತದೆ, ಸುಮಾರು 30 ಕಿಲೋಮೀಟರ್ ಅಗಲ. ಕೊಯಮತ್ತೂರಿನಿಂದ ಕೇರಳಕ್ಕೆ ರೈಲು ಹೋಗುವ ದಾರಿ. ಅದರಾಚೆ ಆನೆಮಲೆ, ಪಳನಿ ಬೆಟ್ಟಗಳಲ್ಲಿ ಇದರ ದಾಯಾದಿ ಇದೆ. ಅದರ ಪಕ್ಕೆ ನೀಲಿ. ಬೆಟ್ಟದ ತಂಪಿಗೆ ಹೊಂದಿಕೊಂಡ ಹಕ್ಕಿಗೆ ಮೂವತ್ತು ಕಿಲೋಮೀಟರ್ ಬಿಸಿ ಬಯಲು ಅಂದರೆ ನಮಗೆ ಸಮುದ್ರ ಇದ್ದ ಹಾಗೆ, ದಾಟುವುದಿಲ್ಲ. ವಿ. ವಿ. ರಾಬಿನ್ ಮತ್ತು ಅವರ ಜೊತೆಗಾರರು ಈ ಹಕ್ಕಿಗಳ ಡಿಎನ್‌ಎ ಪರೀಕ್ಷಿಸಿ, ಕಣಿವೆಯ ಎರಡು ಬದಿಯವು ಬಹಳ ಹಿಂದೆಯೇ ಬೇರೆಯಾಗಿವೆ ಎಂದು ತೋರಿಸಿದರು. ಶೋಲಾ ಕಾಡಿನ ಹೆಸರಿನ ಮೇಲೆ 2017ರಲ್ಲಿ ಇವುಗಳಿಗೆ ಶೋಲಿಕೋಲ ಎಂಬ ಹೊಸ ಕುಲದ ಹೆಸರೂ ಬಂತು.

ಆದರೆ ಈ ಉದಾಹರಣೆ ನನ್ನ ಪ್ರಶ್ನೆಯನ್ನು ಪೂರ್ತಿ ಬಿಡಿಸುವುದಿಲ್ಲ. ಇಲ್ಲಿ ನಮಗೆ ಎರಡು ತುದಿಗಳು ಮಾತ್ರ ಕಾಣುತ್ತವೆ. ನಡುವಿನದು ಕಾಲದಲ್ಲಿ ಕಳೆದುಹೋಗಿದೆ. ಯಾವ ತಲೆಮಾರಿನಲ್ಲಿ ಬೇರೆಯಾದವು, ಮೊದಲನೆಯದರ ಅಪ್ಪ ಅಮ್ಮ ಯಾರು ಎಂದು ಹಠ ಹಿಡಿಯುವ ಹುಡುಗನಿಗೆ ಇದು ಸಾಲದು. ನಡುವಿನ ಎಲ್ಲ ಮೆಟ್ಟಿಲುಗಳೂ ಇವತ್ತಿಗೂ ಜೀವಂತವಾಗಿರುವ ಉದಾಹರಣೆ ಬೇಕು. ಅದನ್ನೇ ಹುಣಸೆಮರದ ಹಕ್ಕಿ ಇಟ್ಟುಕೊಂಡಿದೆ.

ನಿಮ್ಮ ಮನಸ್ಸಿನಲ್ಲಿ ಒಂದು ದೊಡ್ಡ ಕೆರೆ ಚಿತ್ರಿಸಿಕೊಳ್ಳಿ. ಏರಿಯ ಮೇಲೆ ಒಂದು ಊರು. ಆ ಊರಿನಿಂದ ಕೆಲವರು ಕೆರೆಯ ಎಡದಂಡೆ ಹಿಡಿದು, ಕೆಲವರು ಬಲದಂಡೆ ಹಿಡಿದು ಹೋಗಿ ಹೊಸ ಊರುಗಳನ್ನು ಕಟ್ಟುತ್ತಾ ಹೋದರು. ಪ್ರತಿ ಊರೂ ಪಕ್ಕದ ಊರಿನಿಂದ ಹೆಣ್ಣು ತರುತ್ತದೆ, ಪಕ್ಕದ ಊರಿಗೆ ಹೆಣ್ಣು ಕೊಡುತ್ತದೆ. ಪಕ್ಕದೂರಿನ ಮಾತು ಸ್ವಲ್ಪ ಬೇರೆ, ಆದರೆ ಅರ್ಥವಾಗುತ್ತದೆ. ತಲೆಮಾರುಗಳು ಕಳೆದ ಮೇಲೆ ಎಡದವರು, ಬಲದವರು ಇಬ್ಬರೂ ಆಚೆ ದಡ ತಲುಪಿ ಅಕ್ಕಪಕ್ಕ ಊರು ಕಟ್ಟಿದರು. ನೋಡಿದರೆ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ಸಂಬಂಧ ಬೆಳೆಯುವುದಿಲ್ಲ. ಕೆರೆಯ ಸುತ್ತ ಪ್ರತಿ ಊರೂ ಪಕ್ಕದೂರಿಗೆ ನೆಂಟ, ಈ ಒಂದು ಜಾಗದಲ್ಲಿ ಮಾತ್ರ ಪರಕೀಯರು.

ಊರುಗಳ ವಿಷಯದಲ್ಲಿ ಇದು ಕಲ್ಪನೆ. ಹಸಿರು ಉಲಿಯಕ್ಕಿಯ ವಿಷಯದಲ್ಲಿ ಬಹುಮಟ್ಟಿಗೆ ನಿಜ.

ಇಲ್ಲಿ ಕೆರೆಯ ಜಾಗದಲ್ಲಿ ಟಿಬೆಟ್ ಪ್ರಸ್ಥಭೂಮಿ ಇದೆ. ಎತ್ತರದ, ಮರವಿಲ್ಲದ ಬಯಲು. ಕಾಡಿನ ಹಕ್ಕಿಗೆ ಅಲ್ಲಿ ಬದುಕಿಲ್ಲ. ಅದರ ದಕ್ಷಿಣದ ದಡ ಹಿಮಾಲಯ. ಅಲ್ಲಿನ ಹಕ್ಕಿಗಳ ಒಂದು ಸಾಲು ಪಶ್ಚಿಮದ ಕಡೆ ಕಾಶ್ಮೀರ, ಕಿರ್ಗಿಸ್ತಾನದ ಬೆಟ್ಟಗಳ ಮೇಲೆ ಹಬ್ಬುತ್ತಾ ಪಶ್ಚಿಮ ಸೈಬೀರಿಯಾಕ್ಕೆ ಮುಟ್ಟುತ್ತದೆ. ಇನ್ನೊಂದು ಸಾಲು ಪೂರ್ವದ ಕಡೆ ಚೀನಾದ ಬೆಟ್ಟಗಳ ಮೂಲಕ ಪೂರ್ವ ಸೈಬೀರಿಯಾಕ್ಕೆ ಹೋಗುತ್ತದೆ. ಎರಡೂ ಮತ್ತೆ ಭೇಟಿಯಾಗುವುದು ಮಧ್ಯ ಸೈಬೀರಿಯಾದಲ್ಲಿ, ಯೆನಿಸೇ ನದಿಯ ಆಸುಪಾಸಿನಲ್ಲಿ. ಅಲ್ಲಿ ಪಶ್ಚಿಮದ ಹಕ್ಕಿಯೂ ಪೂರ್ವದ ಹಕ್ಕಿಯೂ ಒಂದೇ ಕಾಡಿನಲ್ಲಿ ಇರುತ್ತವೆ. ಪಶ್ಚಿಮದ್ದಕ್ಕೆ ರೆಕ್ಕೆಯಲ್ಲಿ ಒಂದು ಪಟ್ಟೆ, ಪೂರ್ವದ್ದಕ್ಕೆ ಎರಡು. ಎರಡೂ ಕೂಡುವುದಿಲ್ಲ.

ಇದನ್ನು ಮೊದಲು ಊಹಿಸಿದವರು ಕ್ಲಾಡ್ ಟೈಸ್‌ಹರ್ಸ್ಟ್ ಎಂಬ ಬ್ರಿಟಿಷ್ ಪಕ್ಷಿತಜ್ಞರು. ಸಂಗ್ರಹಗಳಲ್ಲಿ ಕಾಪಿಟ್ಟ ಹಕ್ಕಿಗಳ ಚರ್ಮಗಳನ್ನು ಜೋಡಿಸಿ ನೋಡಿ 1938ರ ತಮ್ಮ ಪುಸ್ತಕದಲ್ಲಿ ಬರೆದರು. ಅದಾಗಿ ಹಲವು ದಶಕಗಳ ಮೇಲೆ ಡ್ಯಾರೆನ್ ಇರ್ವಿನ್ ಎಂಬ ವಿಜ್ಞಾನಿ ಉಂಗುರದ ಸುತ್ತ ಊರೂರು ತಿರುಗಿ ಈ ಹಕ್ಕಿಗಳ ಹಾಡನ್ನು ರೆಕಾರ್ಡ್ ಮಾಡಿದರು, ರಕ್ತದ ಮಾದರಿ ತೆಗೆದರು. ಅವರೂ ಅವರ ಜೊತೆಗಾರರೂ 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು.

ಹಾಡಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಹುಣಸೆಮರದಲ್ಲಿ ಈ ಹಕ್ಕಿ ಹಾಡುವುದು ಕಡಿಮೆ, ಬರೀ ಕೂಗು. ಹಾಡು ಅದರ ಮದುವೆ ಮನೆಯದು, ಉತ್ತರದ್ದು. ಗಂಡು ಹಾಡುತ್ತದೆ, ಹೆಣ್ಣು ಹಾಡು ಕೇಳಿ ಒಪ್ಪುತ್ತದೆ. ಜಾತಕ, ಗೋತ್ರ ಎಲ್ಲ ಅದರಲ್ಲೇ. ಹಿಮಾಲಯದಲ್ಲಿ ಈ ಹಾಡು ಚಿಕ್ಕದು, ಸರಳ. ಪಶ್ಚಿಮದ ದಾರಿಯಲ್ಲಿ ಉತ್ತರಕ್ಕೆ ಹೋದ ಹಾಗೆ ಹಾಡು ಉದ್ದವಾಗುತ್ತಾ, ತೊಡಕಾಗುತ್ತಾ ಹೋಗುತ್ತದೆ. ಪೂರ್ವದ ದಾರಿಯಲ್ಲೂ ಉದ್ದವಾಗುತ್ತದೆ, ತೊಡಕಾಗುತ್ತದೆ, ಆದರೆ ಬೇರೊಂದು ರೀತಿಯಲ್ಲಿ. ಯಾವ ಕಾಡಿನಲ್ಲಿ ನಿಂತು ಕೇಳಿದರೂ ಪಕ್ಕದ ಕಾಡಿನ ಹಾಡು ಇದರಂತೆಯೇ, ಸ್ವಲ್ಪ ಮಾತ್ರ ಬೇರೆ. ಸೈಬೀರಿಯಾದಲ್ಲಿ ಇರ್ವಿನ್ ಒಂದು ಪ್ರಯೋಗ ಮಾಡಿದರು. ಪಶ್ಚಿಮದ ಗಂಡಿಗೆ ಅದರದೇ ಬಗೆಯ ಹಾಡನ್ನು ಸ್ಪೀಕರಿನಲ್ಲಿ ಕೇಳಿಸಿದರೆ, ಯಾವನೋ ನನ್ನ ಜಾಗಕ್ಕೆ ಬಂದ ಎಂದು ಜಗಳಕ್ಕೆ ನುಗ್ಗಿ ಬರುತ್ತದೆ. ಪೂರ್ವದ ಹಾಡು ಕೇಳಿಸಿದರೆ ಅದು ತನಗೆ ಸಂಬಂಧವೇ ಇಲ್ಲ ಎನ್ನುವಂತೆ ಇರುತ್ತದೆ. ಪೂರ್ವದ ಗಂಡೂ ಹಾಗೆಯೇ. ಜಗಳವಾಡುವುದಕ್ಕೂ ಲಾಯಕ್ಕಿಲ್ಲದ ಪರಕೀಯತೆ ಅದು.

ಈಗ ನನ್ನ ಪ್ರಶ್ನೆಯನ್ನು ಈ ಹಕ್ಕಿಗೆ ಹಾಕಿ ನೋಡಿ. ಒಂದು ಪಟ್ಟೆಯ ಹಕ್ಕಿ ಎರಡು ಪಟ್ಟೆಯ ಬೇರೆ ಹಕ್ಕಿ ಆದದ್ದು ಯಾವ ಜಾಗದಲ್ಲಿ? ಸೈಬೀರಿಯಾದಿಂದ ಹೊರಟು ಕಿರ್ಗಿಸ್ತಾನ, ಕಾಶ್ಮೀರ, ನೇಪಾಳ, ಚೀನಾ, ಮತ್ತೆ ಸೈಬೀರಿಯಾ ಅಂತ ಸುತ್ತು ಹಾಕಿ. ಇಗೋ ಇಲ್ಲಿಂದ ಬೇರೆ ಪ್ರಭೇದ ಎಂದು ಕಲ್ಲು ನೆಡಲು ಎಲ್ಲೂ ಜಾಗ ಸಿಗುವುದಿಲ್ಲ. ಆದರೆ ಹೊರಟ ಕಡೆಗೇ ಮರಳಿ ಬಂದಾಗ ನಿಮ್ಮ ಮುಂದೆ ಎರಡು ಬೇರೆ ಹಕ್ಕಿಗಳಿವೆ. ಪುಸ್ತಕಗಳಲ್ಲೂ ಇದರ ಜಗಳ ಮುಗಿದಿಲ್ಲ. ಕೆಲವರು ಪೂರ್ವದ್ದನ್ನು ಬೇರೆ ಪ್ರಭೇದ ಎಂದು ಬರೆಯುತ್ತಾರೆ, ಕೆಲವರು ಒಂದೇ ಎನ್ನುತ್ತಾರೆ. ಅದು ಅವರ ದಡ್ಡತನದಿಂದ ಆದದ್ದಲ್ಲ. ವಸ್ತುವೇ ಹಾಗಿದೆ.

ಒಂದು ಮಾತು ಪ್ರಾಮಾಣಿಕವಾಗಿ ಸೇರಿಸಬೇಕು. 2014ರಲ್ಲಿ ಇರ್ವಿನ್ ಅವರ ತಂಡವೇ ಇನ್ನೂ ಸೂಕ್ಷ್ಮವಾಗಿ ಡಿಎನ್‌ಎ ಓದಿ, ಉಂಗುರ ಎಲ್ಲ ಕಾಲದಲ್ಲೂ ಅಖಂಡವಾಗಿರಲಿಲ್ಲ, ಹಿಂದೆ ಕೆಲವು ಕಡೆ ತುಂಡಾಗಿ ಮತ್ತೆ ಸೇರಿದೆ, ಸೈಬೀರಿಯಾದಲ್ಲೂ ಎರಡರ ನಡುವೆ ಅಲ್ಪಸ್ವಲ್ಪ ಬೆರಕೆ ನಡೆದಿದೆ ಎಂದು ಕಂಡುಕೊಂಡಿತು. ತಾವು ಹಿಂದೆ ಹೇಳಿದ ಅಂದದ ಕಥೆಗೆ ತಾವೇ ತಿದ್ದುಪಡಿ ತಂದರು. ನನಗೆ ಇದರಿಂದ ಆ ವಿಜ್ಞಾನಿಗಳ ಮೇಲೆ ಗೌರವ ಹೆಚ್ಚಾಯಿತು. ನಮ್ಮ ಮೇಷ್ಟ್ರ ಜಾತಿಯವರು. ನೋಡಿ, ಆ ಪದ ಬಂದೇ ಬಿಟ್ಟಿತು.

ಹಕ್ಕಿ ಬೇಡ ಎನ್ನುವವರಿಗೆ ಭಾಷೆಯ ಮಾತು ಹೇಳುತ್ತೇನೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು 5ನೇ ಶತಮಾನದ್ದು. ಕನ್ನಡವೇ, ಆದರೆ ಓದಿ ಹೇಳಿದರೆ ನಮ್ಮಲ್ಲಿ ಎಷ್ಟು ಜನಕ್ಕೆ ಅರ್ಥವಾದೀತು? ಅವತ್ತಿನಿಂದ ಇವತ್ತಿಗೆ, ತಲೆಮಾರಿಗೆ 25 ವರ್ಷ ಹಿಡಿದರೆ, ಸುಮಾರು 60 ತಲೆಮಾರು. ಅರವತ್ತು ಜನರನ್ನು ಈ ವೇದಿಕೆಯಿಂದ ಗೇಟಿನವರೆಗೆ ಸಾಲಾಗಿ ನಿಲ್ಲಿಸಬಹುದು. ಆ ಸಾಲಿನಲ್ಲಿ ಯಾವ ತಾಯಿಯಾದರೂ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಜೋಗುಳ ಹಾಡಿದ್ದಾಳೆಯೇ? ಇಲ್ಲ. ಎಲ್ಲ ತಾಯಿ ಮಕ್ಕಳಿಗೂ ಮಾತು ತಿಳಿಯುತ್ತಿತ್ತು. ಆದರೂ ಗೇಟಿನ ಹತ್ತಿರದವರ ಮಾತು ವೇದಿಕೆಯ ಮೇಲಿನವನಿಗೆ ತಿಳಿಯದು. ಹಳಗನ್ನಡ ಮಾತಾಡುವ ತಾಯಿಗೆ ಹೊಸಗನ್ನಡ ಮಾತಾಡುವ ಮಗು ಹುಟ್ಟಿದ ದಿನ ಒಂದೂ ಇಲ್ಲ.

ಮೊದಲ ಮನುಷ್ಯನ ಅಪ್ಪ ಅಮ್ಮನ ಪ್ರಶ್ನೆಗೂ ಇದೇ ಉತ್ತರ, ಸಾರ್. ಮೊದಲ ಮನುಷ್ಯ ಎನ್ನುವವನೇ ಇರಲಿಲ್ಲ. ಹುಟ್ಟಿದ ಪ್ರತಿ ಮಗುವೂ ತನ್ನ ಅಪ್ಪ ಅಮ್ಮನ ಪ್ರಭೇದವೇ. ನಾನು ಎರಡು ಬಾಗಿಲು ಮುಚ್ಚಿವೆ ಅಂದುಕೊಂಡೆ. ಅಲ್ಲಿ ಬಾಗಿಲೇ ಇರಲಿಲ್ಲ, ನಾನು ಹೊಸಲು ಹುಡುಕುತ್ತಿದ್ದೆ. ನಮ್ಮ ಮತ್ತು ಚಿಂಪಾಂಜಿಯ ಹಿರೀಕರು ಬೇರೆಯಾದದ್ದು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ. 60 ಲಕ್ಷ ಎಂದೇ ಇಟ್ಟುಕೊಂಡು ತಲೆಮಾರಿಗೆ 25 ವರ್ಷದ ಲೆಕ್ಕ ಹಾಕಿದರೆ 2 ಲಕ್ಷ 40 ಸಾವಿರ ತಲೆಮಾರು. ಮೀಟರಿಗೆ ಒಬ್ಬರಂತೆ ನಿಲ್ಲಿಸಿದರೆ ಸಾಲು ಇಲ್ಲಿಂದ ಬೆಂಗಳೂರು ಮುಟ್ಟಿ ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಅಷ್ಟು ಉದ್ದಕ್ಕೂ ಪಕ್ಕಪಕ್ಕದವರು ಒಬ್ಬರಂತೆ ಒಬ್ಬರು ಇರುತ್ತಾರೆ.

ಇನ್ನು ನಮ್ಮ ತೋಟಕ್ಕೆ ಬರುವ ಕೋತಿಗಳು. "ಕೋತಿಯಿಂದ ಮನುಷ್ಯ ಆದ ಅಂತೀರಲ್ಲ, ಈಗಿನ ಕೋತಿ ಯಾಕೆ ಮನುಷ್ಯ ಆಗ್ತಿಲ್ಲ" ಅಂತ ನಮ್ಮ ದೊಡ್ಡಪ್ಪ ಈಗಲೂ ಕೇಳುತ್ತಾರೆ. ಅವು ನಮ್ಮ ಪೂರ್ವಜರಲ್ಲ ದೊಡ್ಡಪ್ಪ, ದಾಯಾದಿಗಳು. ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆಯೇ ಪಾಲಾದ ಮನೆ. ದಾಯಾದಿ ನಮ್ಮ ಅಪ್ಪನಾಗುವುದಿಲ್ಲ, ನಮ್ಮಂತಾಗಬೇಕಾದ ಹಂಗೂ ಅವನಿಗಿಲ್ಲ. ಬಾಳೆಗೊನೆಯ ಮೇಲೆ ಮಾತ್ರ ಹಕ್ಕು ಸಾಧಿಸುತ್ತಾನೆ.

ಈ ಉತ್ತರವನ್ನು ಮೇಷ್ಟ್ರಿಗೆ ಹೇಳಬೇಕೆಂದು 2020ರ ಡಿಸೆಂಬರಿನಲ್ಲೇ ಅಂದುಕೊಂಡಿದ್ದೆ. ನಿವೃತ್ತರಾಗಿ ಪೇಟೆಯಲ್ಲಿ ಮಗನ ಮನೆಯಲ್ಲಿದ್ದರು. ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ. ವಯಸ್ಸಾದವರು, ಕೊರೊನಾ ಇಳಿಯಲಿ ಆಮೇಲೆ ಹೋಗೋಣ ಅಂದುಕೊಂಡೆ. ಫೋನಿನಲ್ಲಿ ಹೇಳಬಹುದಿತ್ತು, ಎದುರಿಗೇ ಕೂತು ನಕ್ಷೆ ಬರೆದು ತೋರಿಸಬೇಕೆಂಬ ಆಸೆ. 2021ರ ಮೇ ತಿಂಗಳಲ್ಲಿ ಅವರು ಹೋದರು. ಮಣ್ಣಿಗೂ ಯಾರನ್ನೂ ಬಿಡಲಿಲ್ಲ. ಅವರ ಮನೆಯವರು ಇವತ್ತು ಇಲ್ಲಿಗೆ ಬಂದಿದ್ದಾರೆ. ಅಮ್ಮಾ, ತಡವಾಯಿತು.

ಇಷ್ಟು ಹೇಳಲು ಇನ್ನೊಂದು ಕಾರಣವೂ ಇದೆ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ "ಅನುವಂಶೀಯತೆ ಮತ್ತು ಜೀವವಿಕಾಸ" ಎಂಬ ಅಧ್ಯಾಯ ಇತ್ತು. ಹೊರೆ ಕಡಿಮೆ ಮಾಡುವ ಹೆಸರಿನಲ್ಲಿ 2023ರ ಆವೃತ್ತಿಯಲ್ಲಿ ಜೀವವಿಕಾಸ ಹೋಗಿ ಬರೀ ಅನುವಂಶೀಯತೆ ಉಳಿಯಿತು. ದೇಶದ ಅನೇಕ ವಿಜ್ಞಾನಿಗಳು, ಶಿಕ್ಷಕರು ಇದು ಬೇಡ ಎಂದು ಪತ್ರ ಬರೆದರು. ಹತ್ತರ ನಂತರ ಜೀವಶಾಸ್ತ್ರ ತೆಗೆದುಕೊಳ್ಳುವವರು ಮಾತ್ರ ಮುಂದೆ ಇದನ್ನು ಓದುತ್ತಾರೆ. ಕಪ್ಪೆಗೆ ಹೆದರಿದ ನನ್ನಂಥವನಿಗೆ ಪಾಠವೂ ಇರುತ್ತಿರಲಿಲ್ಲ, ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ನಮ್ಮ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಪುಸ್ತಕದಲ್ಲಿಲ್ಲದಿದ್ದರೂ ಒಂದು ಪೀರಿಯಡ್ ಹೇಳಿ. ಪರೀಕ್ಷೆಗೆ ಬರುವುದಿಲ್ಲ ಎಂದರೆ ಮಕ್ಕಳು ಇನ್ನೂ ಚೆನ್ನಾಗಿ ಕೇಳುತ್ತಾರೆ.

ಮಾತು ಮುಗಿಸಿ ಕೆಳಗಿಳಿದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು ಕೇಳಿದಳು. ಬರಹದಲ್ಲಿ ಅದನ್ನೂ ಸೇರಿಸುತ್ತಿದ್ದೇನೆ. "ಅಣ್ಣ, ಉಂಗುರದ ನಡುವಿನ ಹಕ್ಕಿಗಳೆಲ್ಲ ಸತ್ತು ಹೋದ್ರೆ ಏನಾಗುತ್ತೆ?" ನಾನು ಒಂದು ಕ್ಷಣ ಸುಮ್ಮನಾದೆ. ಚೀನಾದ ಉತ್ತರ ಭಾಗದಲ್ಲಿ ಈಗಾಗಲೇ ಉಂಗುರದಲ್ಲಿ ಒಂದು ಬಿರುಕಿದೆ, ಅಲ್ಲಿನ ಕಾಡು ಕಡಿದದ್ದೇ ಅದಕ್ಕೆ ಕಾರಣವಿರಬಹುದು ಎನ್ನುತ್ತಾರೆ ಅಂದೆ. ನಡುವಿನವೆಲ್ಲ ಹೋದರೆ ಎರಡು ಪ್ರಭೇದ ಮಾತ್ರ ಉಳಿಯುತ್ತವೆ, ಅವು ಮೊದಲಿನಿಂದಲೂ ಬೇರೆ ಬೇರೆಯೇ ಇದ್ದವು ಅಂತ ಎಲ್ಲರೂ ಹೇಳುತ್ತಾರೆ. ನಮಗೂ ಚಿಂಪಾಂಜಿಗೂ ನಡುವಿನವರು ಹಾಗೆಯೇ ಹೋಗಿದ್ದಾರೆ, ಮೂಳೆಗಳು ಮಾತ್ರ ಸಿಗುತ್ತಿವೆ. "ಮತ್ತೆ ನಡುವಿನವು ಯಾವ ಪ್ರಭೇದ?" ಎಂದಳು. ಅವಳಿಗೆ ಒಪ್ಪುವ ಹಾಗೆ ಉತ್ತರ ಹೇಳಲು ನನಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಹುಣಸೆಮರದ ಹತ್ತಿರ ಬರಲು ಹೇಳಿದೆ. ಹನ್ನೊಂದು ಮಕ್ಕಳು ಬಂದರು. ಬೈನಾಕ್ಯುಲರ್ ಒಂದೇ ಇತ್ತು. ಹಕ್ಕಿ ಏಳು ಜನಕ್ಕೆ ಕಂಡಿತು, ಉಳಿದವರಿಗೆ ಸದ್ದು ಮಾತ್ರ ಕೇಳಿಸಿತು. ಮಾರ್ಚ್ ಮುಗಿಯುವವರೆಗೂ ಅದು ಅಲ್ಲೇ ಇರುತ್ತದೆ.